ಹೆಲಿಕಾಪ್ಟರ್‌ಗೆ ಜೆ.ಸಿ. ರಸ್ತೆ ಇಲ್ಲ

ಒಂದು ಸಣ್ಣ ಲೋಹದ ಪಿನ್. ಅದರ ಬೆಲೆ 4 ಸೆಂಟ್, ಆಗಿನ ಲೆಕ್ಕದಲ್ಲಿ ಎರಡು ರೂಪಾಯಿಗೂ ಕಡಿಮೆ. ಅಮೆರಿಕದ ಸೇನೆ ಅದಕ್ಕೆ ಬೋಯಿಂಗ್ ಕಂಪನಿಗೆ ಕೊಟ್ಟಿದ್ದು 71 ಡಾಲರ್, ಅಂದರೆ ಸುಮಾರು 3,200 ರೂಪಾಯಿ. 7 ಡಾಲರ್ 71 ಸೆಂಟ್‌ಗೆ ಸಿಗುತ್ತಿದ್ದ ಇನ್ನೊಂದು ರೋಲರ್‌ಗೆ ಕೊಟ್ಟಿದ್ದು 1,678 ಡಾಲರ್. ಇದು ಯಾರೋ ವಾಟ್ಸಾಪಲ್ಲಿ ಫಾರ್ವರ್ಡ್ ಮಾಡಿದ ಕಥೆ ಅಲ್ಲ. 2011ರಲ್ಲಿ ಪೆಂಟಗನ್‌ನ ಸ್ವಂತ ಲೆಕ್ಕ ಪರಿಶೋಧಕರು ಅಪಾಚೆ ಮತ್ತು ಚಿನೂಕ್ ಹೆಲಿಕಾಪ್ಟರ್‌ಗಳ ಬಿಡಿಭಾಗ ಖರೀದಿಯ ಬಗ್ಗೆ ಬರೆದ ವರದಿಯಲ್ಲಿರುವ ವಿಷಯ. ಅವರು ಪರಿಶೀಲಿಸಿದ 24 ದುಬಾರಿ ಭಾಗಗಳಲ್ಲಿ 18ಕ್ಕೆ ಸೇನೆ ನ್ಯಾಯವಾದ ಬೆಲೆಗಿಂತ ಸುಮಾರು 1.3 ಕೋಟಿ ಡಾಲರ್ ಹೆಚ್ಚು ಕೊಟ್ಟಿತ್ತು.

ಅಮೆರಿಕದ ಈ ಹಳೇ ಕಥೆ ನಮಗ್ಯಾಕೆ ಅಂತ ಕೇಳಬಹುದು. ಎರಡು ಕಾರಣಗಳಿವೆ. ಅಪಾಚೆ, ಚಿನೂಕ್ ಎರಡೂ 2019ರಿಂದ ನಮ್ಮ ವಾಯುಪಡೆಯಲ್ಲೂ ಹಾರುತ್ತಿವೆ. ಅದಕ್ಕಿಂತ ದೊಡ್ಡ ಕಾರಣ ತುಮಕೂರಿನಲ್ಲಿದೆ. ಅಲ್ಲಿಗೆ ಆಮೇಲೆ ಬರ್ತೀನಿ.

ಮೊದಲು ಈ ವ್ಯವಹಾರ ನಡೆಯೋದು ಹೇಗೆ ಅಂತ ನೋಡೋಣ. ನಿಮ್ಮ ಬೈಕಿನ ಒಂದು ಭಾಗ ಮುರಿದರೆ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗ್ತೀರಿ. ಒಂದು ಅಂಗಡಿಯವನು 600 ಅಂದರೆ ಪಕ್ಕದವನು 450 ಅಂತಾನೆ. ಕಂಪನಿ ಮಾಲು ಬೇಕಾ, ಲೋಕಲ್ ಸಾಕಾ ಅನ್ನೋದು ನಿಮಗೇ ಬಿಟ್ಟಿದ್ದು. ಹೆಲಿಕಾಪ್ಟರ್‌ಗೆ ಅಂಥ ರಸ್ತೆ ಇಲ್ಲ. ಭಾಗದ ನಕ್ಷೆ ತಯಾರಕನ ಹತ್ತಿರ ಇರುತ್ತೆ. ಹಾರಾಟಕ್ಕೆ ಯೋಗ್ಯ ಅನ್ನುವ ಪ್ರಮಾಣಪತ್ರ ಅವನ ಭಾಗಕ್ಕೇ ಇರುತ್ತೆ. ಬೇರೆಯವರು ತಯಾರಿಸಿದರೆ ಮತ್ತೆ ಪರೀಕ್ಷೆ, ಮತ್ತೆ ಮಂಜೂರಾತಿ, ವರ್ಷಗಟ್ಟಲೆ ಕಾಯಬೇಕು. ಹಾಗಾಗಿ ಸರ್ಕಾರ ಟೆಂಡರ್ ಕರೆಯದೆ ಒಬ್ಬನಿಂದಲೇ ಕೊಳ್ಳುತ್ತೆ. ಇದರಲ್ಲಿ ತಪ್ಪೇನೂ ಇಲ್ಲ. ಗಾಳಿಯಲ್ಲಿರುವ ಯಂತ್ರಕ್ಕೆ 'ಲೋಕಲ್ ಸಾಕು' ಅನ್ನೋಕಾಗಲ್ಲ. 2025ರ ಜನವರಿ 5ರಂದು ಪೋರಬಂದರಿನಲ್ಲಿ ಕರಾವಳಿ ಕಾವಲು ಪಡೆಯ ಧ್ರುವ್ ಹೆಲಿಕಾಪ್ಟರ್ ಬಿದ್ದು ಮೂವರು ಸತ್ತರು. ಆಮೇಲೆ ದೇಶದ 300ಕ್ಕೂ ಹೆಚ್ಚು ಧ್ರುವ್‌ಗಳು ತಿಂಗಳುಗಟ್ಟಲೆ ನೆಲದ ಮೇಲೇ ನಿಂತವು. ಒಂದು ಭಾಗದ ಗುಣಮಟ್ಟ ಎಷ್ಟು ಮುಖ್ಯ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ.

ಹಾಗಾದರೆ ಒಬ್ಬನೇ ಮಾರುವವನಿರುವಾಗ ಬೆಲೆ ಎಷ್ಟು ಅಂತ ಯಾರು ಹೇಳಬೇಕು? ನನಗೆ ಆಸಕ್ತಿ ಇರೋದು ಈ ಪ್ರಶ್ನೆಯಲ್ಲೇ.

2014ರಲ್ಲಿ ಅದೇ ಪೆಂಟಗನ್ ಪರಿಶೋಧಕರು ಬೆಲ್ ಹೆಲಿಕಾಪ್ಟರ್ ಕಂಪನಿಯ ಬಿಡಿಭಾಗಗಳನ್ನು ನೋಡಿದರು. ಬೆಲ್ ಒಂದರಿಂದಲೇ ಕೊಂಡಿದ್ದ 35 ಭಾಗಗಳಲ್ಲಿ 33ಕ್ಕೆ ಸರ್ಕಾರ ಸುಮಾರು 90 ಲಕ್ಷ ಡಾಲರ್ ಹೆಚ್ಚು ಕೊಟ್ಟಿರಬಹುದು ಅಂತ ವರದಿ ಹೇಳಿತು. ಇಲ್ಲಿ ಯಾರೂ ಲಂಚ ತಗೊಂಡಿದ್ದು ಅಂತಲ್ಲ. ಆ ಭಾಗಗಳಿಗೆ 'ವಾಣಿಜ್ಯ ವಸ್ತು' ಅನ್ನೋ ಹಣೆಪಟ್ಟಿ ಇತ್ತು. ಮಾರುಕಟ್ಟೆಯಲ್ಲಿ ಎಲ್ಲರಿಗೂ ಮಾರುವ ವಸ್ತುವಿಗೆ ತಯಾರಿಕಾ ವೆಚ್ಚದ ಪ್ರಮಾಣೀಕೃತ ಲೆಕ್ಕ ಕೇಳಬೇಕಿಲ್ಲ, ಮಾರುಕಟ್ಟೆಯೇ ಬೆಲೆಯನ್ನು ಹದ್ದುಬಸ್ತಿನಲ್ಲಿ ಇಟ್ಟಿರುತ್ತೆ ಅನ್ನೋದು ಕಾನೂನಿನ ನಂಬಿಕೆ. ಆದರೆ ಹೊರಗಿನವರು ನಿಜವಾಗಲೂ ಆ ಬೆಲೆಗೆ ಕೊಳ್ಳುತ್ತಿದ್ದಾರಾ ಅಂತ ಅಧಿಕಾರಿ ಸರಿಯಾಗಿ ನೋಡಲೇ ಇಲ್ಲ, ವೆಚ್ಚದ ಲೆಕ್ಕವನ್ನೂ ಕೇಳಲಿಲ್ಲ. ಕೊಳ್ಳುವವರು ಇಲ್ಲದ ಕಡೆ ಮಾರುಕಟ್ಟೆ ಬೆಲೆ ಅನ್ನೋದು ಮಾರುವವನು ಪಟ್ಟಿಯಲ್ಲಿ ಬರೆದುಕೊಂಡ ಅಂಕಿ, ಅಷ್ಟೇ.

2019ರಲ್ಲಿ ಟ್ರಾನ್ಸ್‌ಡೈಮ್ ಅನ್ನೋ ವಿಮಾನ ಬಿಡಿಭಾಗ ಕಂಪನಿಯ ಸರದಿ. ಪರಿಶೋಧಕರು ನೋಡಿದ 47 ಭಾಗಗಳಲ್ಲಿ 46ರ ಮೇಲೆ ಅತಿಯಾದ ಲಾಭ. ಅಲ್ಲಿದ್ದ ಉಪಾಯ ಇನ್ನೂ ಸರಳ. ಒಂದು ಮೊತ್ತಕ್ಕಿಂತ ಚಿಕ್ಕ ಆರ್ಡರ್‌ಗೆ ವೆಚ್ಚದ ಲೆಕ್ಕ ಕೊಡುವ ಕಡ್ಡಾಯ ಇಲ್ಲ, ಮತ್ತು ಬಿಡಿಭಾಗದ ಆರ್ಡರ್‌ಗಳು ಬಹುತೇಕ ಚಿಕ್ಕವೇ. ಅಲ್ಲಿನ ಸಂಸತ್ತಿನ ಸಮಿತಿ ಕಂಪನಿಯವರನ್ನು ಕೂರಿಸಿ ಕೇಳಿದ ಮೇಲೆ 1.61 ಕೋಟಿ ಡಾಲರ್ ವಾಪಸ್ ಬಂತು.

2011ರ ಪಿನ್ ಕಥೆಯಲ್ಲಿ ಇನ್ನೊಂದು ತಮಾಷೆ ಇದೆ. 4 ಸೆಂಟಿನ ಆ ಪಿನ್ ಸಿಗುತ್ತಿದ್ದದ್ದು ಅಮೆರಿಕ ಸರ್ಕಾರದ್ದೇ ಇನ್ನೊಂದು ಸಂಸ್ಥೆಯಲ್ಲಿ! ಪಕ್ಕದ ಇಲಾಖೆಯಲ್ಲಿ ಏನಿದೆ ಅಂತ ನೋಡದೆ ಸೇನೆ ಕಂಪನಿಗೆ ಆರ್ಡರ್ ಕೊಟ್ಟಿತ್ತು. ಒಬ್ಬರಿಂದಲೇ ಕೊಳ್ಳೋದು ಮೊದಲು ಅನಿವಾರ್ಯತೆ ಆಗಿರುತ್ತೆ, ಆಮೇಲೆ ಅಭ್ಯಾಸ ಆಗುತ್ತೆ. ಅಭ್ಯಾಸ ಆದಮೇಲೆ ಯಾರೂ ಬೆಲೆ ಕೇಳಲ್ಲ.

ಈಗ ತುಮಕೂರಿಗೆ ಬರೋಣ. ಗುಬ್ಬಿ ತಾಲ್ಲೂಕಿನಲ್ಲಿ 615 ಎಕರೆಯಲ್ಲಿರುವ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆ ಆಯಿತು. 2025ರ ಮಾರ್ಚ್‌ನಲ್ಲಿ ರಕ್ಷಣಾ ಸಚಿವಾಲಯ 156 'ಪ್ರಚಂಡ್' ಯುದ್ಧ ಹೆಲಿಕಾಪ್ಟರ್‌ಗಳಿಗೆ ಎಚ್‌ಎಎಲ್ ಜೊತೆ ಒಪ್ಪಂದ ಮಾಡಿಕೊಂಡಿತು. ಮೊತ್ತ 62,700 ಕೋಟಿ ರೂಪಾಯಿ. ಬೆಂಗಳೂರು ಮತ್ತು ತುಮಕೂರಿನಲ್ಲಿ ಅವು ತಯಾರಾಗುತ್ತವೆ. ನಮ್ಮ ಹುಡುಗರಿಗೆ ಕೆಲಸ, ನಮ್ಮ ಎಂಜಿನಿಯರುಗಳ ಹೆಮ್ಮೆ. ನನಗೂ ಖುಷಿಯೇ. ಆದರೆ ಹೆಲಿಕಾಪ್ಟರ್ ಕೊಂಡ ದಿನ ಖರ್ಚು ಮುಗಿಯಲ್ಲ. ದಶಕಗಳ ಕಾಲ ಹಾರುವ ಯಂತ್ರಕ್ಕೆ ಅಷ್ಟೂ ದಿನ ಬಿಡಿಭಾಗ ಬೇಕು. ಅದನ್ನು ಕೇಳೋಕೆ ಹೋಗಬೇಕಾದ ಬಾಗಿಲು ಒಂದೇ.

'ಎಚ್‌ಎಎಲ್ ನಮ್ಮದೇ ತಾನೆ, ಲಾಭ ಬಂದರೂ ಸರ್ಕಾರಕ್ಕೇ ಬರುತ್ತೆ' ಅನ್ನೋ ಉತ್ತರ ನನಗೆ ಗೊತ್ತು. ಅರ್ಧ ಸರಿ. ಆದರೆ ಕಂಪನಿಯ ಷೇರು 2018ರಿಂದ ಮಾರುಕಟ್ಟೆಯಲ್ಲಿದೆ, ಲಾಭ ಪೂರ್ತಿ ಸರ್ಕಾರದ್ದಲ್ಲ. ಎರಡನೆಯದಾಗಿ, ಎಚ್‌ಎಎಲ್ ಒಳಗೂ ಬೇರೆ ಬಾಗಿಲುಗಳಿವೆ. ಧ್ರುವ್‌ನಲ್ಲಿ ಬಳಸುವ ಸಾಮಗ್ರಿಯಲ್ಲಿ ಸುಮಾರು 90% ಹೊರದೇಶದಿಂದ ಬರುತ್ತೆ ಅಂತ ಸಿಎಜಿ 2010ರ ಸುಮಾರಿಗೇ ಬರೆದಿತ್ತು. ಪ್ರಚಂಡ್‌ನ ಶಕ್ತಿ ಎಂಜಿನ್ ಕೂಡ ಫ್ರಾನ್ಸಿನ ಕಂಪನಿ ಜೊತೆ ಸೇರಿ ಮಾಡಿದ್ದು. ಮೂರನೆಯದಾಗಿ, ಪೈಪೋಟಿ ಇಲ್ಲದ ಕಡೆ ಬೆಲೆಗಿಂತ ಮೊದಲು ಕೈಕೊಡೋದು ಸಮಯ. ನಮ್ಮಿಂದ 7 ಧ್ರುವ್ ಕೊಂಡಿದ್ದ ಈಕ್ವೆಡಾರ್‌ನಲ್ಲಿ 4 ಬಿದ್ದುಹೋದವು, 2015ರಲ್ಲಿ ಆ ದೇಶ ಒಪ್ಪಂದವನ್ನೇ ರದ್ದು ಮಾಡಿತು. ಬಿಡಿಭಾಗ ಸರಿಯಾಗಿ ಬರಲಿಲ್ಲ ಅನ್ನೋದು ಅವರ ದೂರುಗಳಲ್ಲಿ ಒಂದು. ಈಕ್ವೆಡಾರ್ ಬಿಟ್ಟು ಹೋಗಬಹುದಿತ್ತು. ಸಿಯಾಚಿನ್‌ನಲ್ಲಿರುವ ನಮ್ಮ ಸೈನಿಕ ಎಲ್ಲಿಗೆ ಹೋಗಬೇಕು?

ನಮ್ಮಲ್ಲಿ ನಿಯಮಗಳಿಲ್ಲ ಅಂತಲ್ಲ. 2017ರ ಸಾಮಾನ್ಯ ಹಣಕಾಸು ನಿಯಮಗಳ 166ನೇ ನಿಯಮ ಒಬ್ಬನಿಂದಲೇ ಕೊಳ್ಳೋಕೆ ಅವಕಾಶ ಕೊಡುತ್ತೆ. ತಯಾರಕ ಒಬ್ಬನೇ ಇದ್ದರೆ, ತುರ್ತು ಇದ್ದರೆ, ಇರುವ ಯಂತ್ರಕ್ಕೆ ಹೊಂದುವ ಬಿಡಿಭಾಗ ಬೇಕಿದ್ದರೆ. ಕಾರಣ ಬರೆದು, ಮೇಲಿನವರ ಒಪ್ಪಿಗೆ ತಗೋಬೇಕು. 'ಇದು ಈ ಕಂಪನಿಯಲ್ಲಿ ಮಾತ್ರ ಸಿಗುತ್ತೆ' ಅನ್ನೋ ಪ್ರಮಾಣಪತ್ರಕ್ಕೆ ಕಚೇರಿಗಳಲ್ಲಿ ಪಿಎಸಿ ಅಂತಾರೆ. ಕರ್ನಾಟಕದ ಸುದ್ದಿ ಓದುವವರಿಗೆ ಕೆಟಿಪಿಪಿ ಕಾಯ್ದೆಯ '4ಜಿ ವಿನಾಯಿತಿ' ಗೊತ್ತೇ ಇದೆ. ಅದೂ ಟೆಂಡರ್ ಇಲ್ಲದೆ ಕೆಲಸ ಕೊಡುವ ದಾರಿಯೇ. ನಾವು ಸಾಮಾನ್ಯವಾಗಿ ಜಗಳ ಆಡೋದು ಟೆಂಡರ್ ಯಾಕೆ ಕರೆಯಲಿಲ್ಲ ಅಂತ. ಹೆಲಿಕಾಪ್ಟರ್ ಬಿಡಿಭಾಗದಲ್ಲಿ ಆ ಜಗಳಕ್ಕೆ ಅರ್ಥವಿಲ್ಲ. ಕೇಳಬೇಕಾದ್ದು ಬೇರೆ: ವೆಚ್ಚದ ಲೆಕ್ಕವನ್ನು ಯಾರು ನೋಡಿದರು? ಹಿಂದಿನ ಸಲ ಎಷ್ಟಿತ್ತು, ಈಗ ಯಾಕೆ ಹೆಚ್ಚಾಯಿತು? ಐದು ವರ್ಷದ ಹಿಂದೆ ಕೊಟ್ಟ ಪಿಎಸಿ ಇವತ್ತಿಗೂ ನಿಜವಾ, ಅಥವಾ ಪೀಣ್ಯದ ಯಾವುದೋ ಘಟಕ ಅದನ್ನು ಮಾಡಬಲ್ಲದಾ?

ಇವನ್ನು ಕೇಳೋಕೆ ನಮ್ಮ ಕೈಯಲ್ಲಿ ವರದಿ ಇರಬೇಕು. ಅಮೆರಿಕದವರು ಮೋಸ ಹೋಗಲಿಲ್ಲ ಅಂತ ನಾನು ಹೇಳ್ತಿಲ್ಲ. ಮೂರು ಸಲ ಹೋದರು. ಆದರೆ ಮೂರು ಸಲವೂ ಅದು ಜನರಿಗೆ ಗೊತ್ತಾಯಿತು. 2011ರಲ್ಲಿ ಅಧಿಕಾರಿಗಳು ವರದಿಯ ಸಾಲುಗಳನ್ನು ಅಳಿಸಿ ಕೊಟ್ಟಾಗ ಅಲ್ಲಿನ ಒಂದು ನಾಗರಿಕ ಸಂಘಟನೆ ಪೂರ್ತಿ ವರದಿಯನ್ನೇ ಪ್ರಕಟಿಸಿತು. ಪಿನ್ ಬೆಲೆ ನನಗೆ, ನಿಮಗೆ ಗೊತ್ತಾಗಿದ್ದು ಹಾಗೆ. ನಮ್ಮಲ್ಲಿ 2019ರ ರಫೇಲ್ ಕುರಿತ ಸಿಎಜಿ ವರದಿಯಲ್ಲಿ ಬೆಲೆಯ ಅಂಕಿಗಳನ್ನೇ ಮರೆಮಾಚಲಾಗಿತ್ತು. ಆರ್‌ಟಿಐ ಹಾಕಿದರೆ 8(1)(ಎ) ದೇಶದ ಭದ್ರತೆ ಅನ್ನುತ್ತೆ, 8(1)(ಡಿ) ವಾಣಿಜ್ಯ ಗೋಪ್ಯತೆ ಅನ್ನುತ್ತೆ.

ಹೆಲಿಕಾಪ್ಟರ್ ಎಷ್ಟು ದೂರದಿಂದ ಗುಂಡು ಹಾರಿಸುತ್ತೆ ಅನ್ನೋದು ಗುಟ್ಟಾಗಿರಲಿ. ಅದರ ಪಿನ್‌ಗೆ ಎಷ್ಟು ಕೊಟ್ಟಿರಿ ಅನ್ನೋದರಲ್ಲಿ ಶತ್ರುವಿಗೆ ಏನು ಸಿಗುತ್ತೆ? ಪ್ರಚಂಡ್‌ನ ಮೊದಲ ಬಿಡಿಭಾಗ ಒಪ್ಪಂದಗಳಿಗೆ ಸಹಿ ಬೀಳುವಾಗಲೇ ನಮ್ಮ ರಾಜ್ಯದ ಸಂಸದರು ಲೋಕಸಭೆಯಲ್ಲಿ ಕೇಳಬೇಕಾದ ಪ್ರಶ್ನೆ ಇದು. ನಿಮ್ಮ ಕ್ಷೇತ್ರದ ಸಂಸದರ ಇಮೇಲ್ ಲೋಕಸಭೆಯ ವೆಬ್‌ಸೈಟಿನಲ್ಲೇ ಇದೆ. ನಾನು ನಮ್ಮವರಿಗೆ ಬರೆದಿದ್ದೀನಿ, ಉತ್ತರ ಇನ್ನೂ ಬಂದಿಲ್ಲ. ನೀವೂ ಬರೆಯಿರಿ.