ಪೋರ್ಚುಗಲ್ಲಿನ ದ್ರಾಕ್ಷಾರಸವೂ ಬೈಲಹೊಂಗಲದ ಅರಳೆಯೂ

ಅಂತರರಾಷ್ಟ್ರೀಯ ವ್ಯಾಪಾರವೆಂದೊಡನೆ ವಿಶ್ವವಿದ್ಯಾಲಯದ ತರಗತಿಗೆ ಇಂದಿಗೂ ಮೊದಲು ಬರುವವ ರಿಕಾರ್ಡೋ. ಇಂಗ್ಲೆಂಡು ಬಟ್ಟೆ ನೇಯಲಿ, ಪೋರ್ಚುಗಲ್ಲು ದ್ರಾಕ್ಷಾರಸ ಮಾಡಲಿ, ಇಬ್ಬರಿಗೂ ಲಾಭ ಎಂದು ಆತ 1817ರಲ್ಲಿ ಬರೆದ. ಆ ಲೆಕ್ಕ ಬೇಡವೆಂದು ನಾವು ಹೇಳುವುದಿಲ್ಲ. ಬೈಲಹೊಂಗಲದ ಹತ್ತಿಯ ಲೆಕ್ಕ ಯಾರು ಕಲಿಸಬೇಕು, ಅಷ್ಟೇ ನಮ್ಮ ಪ್ರಶ್ನೆ.

2025ರ ಆಗಸ್ಟ್ 19ರಿಂದ ದಿಲ್ಲಿ ಸರಕಾರವು ಪರದೇಶದ ಹತ್ತಿಯ ಮೇಲಿನ ಶೇಕಡಾ 11ರ ಸುಂಕವನ್ನು ತೆಗೆಯಿತು. ಸೆಪ್ಟೆಂಬರ್ ಕೊನೆಯವರೆಗೆ ಮಾತ್ರ ಎಂದದ್ದನ್ನು ಡಿಸೆಂಬರ್ 31ರವರೆಗೆ ಎಳೆಯಿತು. ಸವದತ್ತಿ, ಕಿತ್ತೂರು ಸೀಮೆಯಲ್ಲಿ ಹತ್ತಿ ಬಿಡಿಸುವ ಕಾಲವೇ ಅದು! ಅಗ್ಗದ ಅರಳೆಯಿಂದ ಗಿರಣಿ ನಡೆದೀತು, ರಾಮದುರ್ಗದ ನೇಕಾರನಿಗೆ ನೂಲು ಸಸ್ತಾ ಆದೀತು, ಅಲ್ಲಗಳೆಯುವುದಿಲ್ಲ. ಆದರೆ ರೈತನ ಕೈ ಬರಿದಾದರೆ ಜಿನ್ನಿನ ಹೆಣ್ಣಾಳಿಗೆ, ಅಡತಿ ಅಂಗಡಿಯ ಹಮಾಲನಿಗೆ, ಉದ್ರಿ ಕೊಟ್ಟು ಕುಳಿತ ಕಿರಾಣಿಯವನಿಗೆ ಏನು ಗತಿ?

ಸಂಶೋಧನೆಯಿಂದ ಏನಾದೀತು ಎನ್ನುವವರು ಬ್ರೆಜಿಲ್ಲನ್ನು ನೋಡಲಿ. ಅಮೇರಿಕವು ತನ್ನ ಬೆಳೆಗಾರರಿಗೆ ಸುರಿಯುವ ಸಹಾಯಧನದಿಂದ ಜಗತ್ತಿನ ಹತ್ತಿಯ ಧಾರಣೆ ಕುಸಿಯುತ್ತದೆಂದು ಅದು 2002ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ದಾವೆ ಹೂಡಿ ಗೆದ್ದಿತು. 2014ರಲ್ಲಿ ಅಮೇರಿಕ 30 ಕೋಟಿ ಡಾಲರ್ ಕೊಟ್ಟು ರಾಜಿಯಾಯಿತು. ಬ್ರೆಜಿಲ್ಲಿನ ಪರ ಲೆಕ್ಕ ಕಟ್ಟಿಕೊಟ್ಟವರು ಡ್ಯಾನಿಯೆಲ್ ಸಮ್ನರ್, ಕ್ಯಾಲಿಫೋರ್ನಿಯಾದ ಪ್ರಾಧ್ಯಾಪಕರು. ಸ್ವತಃ ಅಮೇರಿಕದವರೇ!

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯಗಳ ಪಂಡಿತರೇ, ನೀವೂ ಅಂಥ ಲೆಕ್ಕ ಕಟ್ಟಿರಿ, ಕನ್ನಡದಲ್ಲಿ ಬರೆಯಿರಿ. ಒಂದು ಪ್ರತಿಯನ್ನು ಬೈಲಹೊಂಗಲದ ಪೇಟೆಗೆ ಕಳಿಸಿರಿ. ಹಮಾಲರಿಗೆ ಓದಿ ಹೇಳುವ ಕೆಲಸ ನಮಗೆ ಬಿಡಿರಿ.