ಮಂತ್ರಿಯಾಗದೆಯೂ ಕರೆಂಟಿನ ದಿಕ್ಕು ಬದಲಿಸಿದ ಸಂಸದ

ಕರೆಂಟ್ ಹೋದಾಗ ನಾವು ಬೈಯುವುದು ಇಂಧನ ಸಚಿವರನ್ನು. ಸದನದಲ್ಲಿ ಕೂತು ಕಾನೂನು ಮಾಡುವ ಸದಸ್ಯರ ನೆನಪೇ ಬರುವುದಿಲ್ಲ. ಜರ್ಮನಿಯ ಹರ್ಮನ್ ಶೀರ್ ಅಂಥ ಒಬ್ಬ ಸದಸ್ಯ. 1980ರಿಂದ 2010ರಲ್ಲಿ ತೀರಿಕೊಳ್ಳುವವರೆಗೆ 30 ವರ್ಷ ಅಲ್ಲಿನ ಸಂಸತ್ತಿನಲ್ಲಿದ್ದರು, ಒಮ್ಮೆಯೂ ಮಂತ್ರಿಯಾಗಲಿಲ್ಲ. 2008ರಲ್ಲಿ ಹೆಸ್ಸೆ ರಾಜ್ಯದ ಸಚಿವ ಸ್ಥಾನ ಇನ್ನೇನು ಸಿಕ್ಕಿತು ಅನ್ನುವಾಗ ಅವರದೇ ಪಕ್ಷದ ನಾಲ್ವರು ಶಾಸಕರು ತಿರುಗಿಬಿದ್ದರು. ಸರ್ಕಾರವೇ ರಚನೆಯಾಗಲಿಲ್ಲ. (ಇಂಥ ಕಥೆ ನಮಗೇನೂ ಹೊಸದಲ್ಲ ಬಿಡಿ.)

ಆದರೆ 2000ದಲ್ಲಿ ಗ್ರೀನ್ ಪಕ್ಷದ ಹಾನ್ಸ್-ಯೋಸೆಫ್ ಫೆಲ್ ಮುಂತಾದವರ ಜೊತೆ ಸೇರಿ ಅವರು ರೂಪಿಸಿದ ನವೀಕರಿಸಬಹುದಾದ ಇಂಧನ ಕಾಯ್ದೆ ಜಗತ್ತಿನ ಸೌರಶಕ್ತಿಯ ಲೆಕ್ಕಾಚಾರವನ್ನೇ ಬದಲಿಸಿತು. ಅದರ ತಿರುಳು ಸರಳ. ಮನೆಯ ಚಾವಣಿಯಲ್ಲಿ ಯಾರು ವಿದ್ಯುತ್ ಉತ್ಪಾದಿಸಿದರೂ ಗ್ರಿಡ್ ಕಂಪನಿ ಅದನ್ನು ಮೊದಲು ಕೊಳ್ಳಲೇಬೇಕು, 20 ವರ್ಷ ನಿಗದಿತ ದರ ಕೊಡಬೇಕು. ಸೌರ ವಿದ್ಯುತ್ತಿಗೆ ಆರಂಭದ ದರ ಯೂನಿಟ್‌ಗೆ 99 ಫೆನಿಗ್. ಹೊಸದಾಗಿ ಸೇರುವವರಿಗೆ ವರ್ಷ ವರ್ಷ ಕಡಿಮೆ. 20 ವರ್ಷದ ಆದಾಯ ಖಾತ್ರಿಯಾದ ಮೇಲೆ ಬ್ಯಾಂಕುಗಳು ಸಾಲ ಕೊಡಲು ಹಿಂಜರಿಯಲಿಲ್ಲ. ರೈತರು, ಸಹಕಾರ ಸಂಘಗಳು ವಿದ್ಯುತ್ ಉತ್ಪಾದಕರಾದರು. 2000ದಲ್ಲಿ ಜರ್ಮನಿಯ ವಿದ್ಯುತ್ತಿನಲ್ಲಿ ನವೀಕರಿಸಬಹುದಾದ ಮೂಲಗಳ ಪಾಲು ಸುಮಾರು ಶೇ 6 ಇತ್ತು, ಅವರು ತೀರಿಕೊಂಡ ವರ್ಷ ಶೇ 17ರ ಆಸುಪಾಸು.

ದುಡ್ಡು ಎಲ್ಲಿಂದ ಬಂತು? ಸರ್ಕಾರದ ಬೊಕ್ಕಸದಿಂದಲ್ಲ, ಎಲ್ಲ ಗ್ರಾಹಕರ ಬಿಲ್ಲಿನಿಂದ. 2017ರಲ್ಲಿ ಈ ಹೆಚ್ಚುವರಿ ಶುಲ್ಕ ಯೂನಿಟ್‌ಗೆ 6.88 ಸೆಂಟ್ ತಲುಪಿತ್ತು. ದೊಡ್ಡ ಕಾರ್ಖಾನೆಗಳಿಗೆ ಭಾರಿ ವಿನಾಯಿತಿ ಇತ್ತು, ಬಾಡಿಗೆ ಮನೆಯವನಿಗೆ ಇರಲಿಲ್ಲ. ಸ್ವಂತ ಚಾವಣಿ ಇದ್ದವನಿಗೆ ಲಾಭ, ಇಲ್ಲದವನಿಗೆ ಬಿಲ್ಲು. ಶೀರ್ ಅವರ ಅಭಿಮಾನಿಗಳು ಈ ಮಾತನ್ನು ಜಾರಿಸಿಬಿಡುತ್ತಾರೆ. 2022ರಲ್ಲಿ ಶುಲ್ಕ ರದ್ದಾಯಿತು.

ಜರ್ಮನಿಯ ಈ ಬೇಡಿಕೆ ನಂಬಿಕೊಂಡೇ ಚೀನಾದ ಕಾರ್ಖಾನೆಗಳು ಬೆಳೆದವು, ಪ್ಯಾನೆಲ್ ಬೆಲೆ ಕುಸಿಯಿತು. ಪಾವಗಡದಲ್ಲಿ ರೈತರಿಂದ ಸುಮಾರು 13 ಸಾವಿರ ಎಕರೆ ಗುತ್ತಿಗೆಗೆ ಪಡೆದು 2,050 ಮೆಗಾವಾಟ್ ಪಾರ್ಕ್ ಕಟ್ಟಲು ಸಾಧ್ಯವಾದದ್ದರ ಹಿಂದೆ ಆ ಅಗ್ಗದ ಪ್ಯಾನೆಲ್ಲೂ ಇದೆ. ಶೀರ್ ಇದ್ದಿದ್ದರೆ ಮೆಚ್ಚುತ್ತಿದ್ದರೇ? ಅನುಮಾನ. ಸಹಾರಾ ಮರುಭೂಮಿಯಿಂದ ಯುರೋಪಿಗೆ ಸೌರ ವಿದ್ಯುತ್ ತರುವ ಬೃಹತ್ ಯೋಜನೆಯನ್ನೇ ಅವರು ವಿರೋಧಿಸಿದ್ದರು. ವಿದ್ಯುತ್ ಊರೂರಲ್ಲೇ ಹುಟ್ಟಬೇಕು ಎನ್ನುವುದು ಅವರ ಹಟ.

ಉದ್ಯೋಗದ ಲೆಕ್ಕ ಮಾತ್ರ ಬೇರೆಯೇ ಆಯಿತು. ಒಂದು ಕಾಲಕ್ಕೆ ಜಗತ್ತಿನ ಅತಿದೊಡ್ಡ ಸೌರಕೋಶ ತಯಾರಕನಾಗಿದ್ದ ಜರ್ಮನಿಯ ಕ್ಯೂ-ಸೆಲ್ಸ್ 2012ರಲ್ಲಿ ದಿವಾಳಿ ಅರ್ಜಿ ಹಾಕಿತು. ಯಾರ ವಿದ್ಯುತ್ತನ್ನು ಕೊಳ್ಳಬೇಕು ಎಂದು ಕಾಯ್ದೆ ಹೇಳಿತ್ತು. ಪ್ಯಾನೆಲ್ ಎಲ್ಲಿ ತಯಾರಾಗಬೇಕು ಎಂದು ಹೇಳಿರಲಿಲ್ಲ.