ಬಿಸಿಲನ್ನ ಬೈಬೇಡಿ, ರೇಡಿಯೇಟರ್‌ಗೆ ಬೋರ್ ನೀರು ಹಾಕೋದು ಬಿಡಿ

ಬೇಸಿಗೆ ಬಂತು ಅಂದ್ರೆ ಸಾಕು. ಸಾರಕ್ಕಿ ಸಿಗ್ನಲ್ಲು, ಬನಶಂಕರಿ ಬಸ್ ಸ್ಟ್ಯಾಂಡು, ಸಿಲ್ಕ್ ಬೋರ್ಡು, ಎಲ್ಲಿ ನೋಡಿದ್ರೂ ಒಂದೆರಡು ತರಕಾರಿ ಗಾಡಿ ಹಬೆ ಬಿಡ್ತಾ ನಿಂತಿರ್ತವೆ. ಹಿಂದೆ ಟೊಮೆಟೊ ಬಾಡ್ತಾ ಇರುತ್ತೆ. ಕೇಳಿದ್ರೆ ಒಂದೇ ಮಾತು: "ಏನ್ ಬಿಸ್ಲಣ್ಣಾ!"

ಬಿಸಿಲು ನೆಪ ಕಣ್ರಪ್ಪ. 2016ರ ಏಪ್ರಿಲ್‌ನ ಆ ಕೆಟ್ಟ ಬೇಸಿಗೆಯಲ್ಲೂ ಬೆಂಗಳೂರು ಮುಟ್ಟಿದ್ದು 39.2 ಡಿಗ್ರಿ. ಇಂಜಿನ್ ಸರಿಯಾಗಿ ಕೆಲಸ ಮಾಡೋದೇ 90ರ ಆಸುಪಾಸಿನಲ್ಲಿ. ರಾಯಚೂರು, ಕಲಬುರಗಿ ಕಡೆ 42 ಡಿಗ್ರಿಯಲ್ಲೂ ಇದೇ ಗಾಡಿಗಳು ದುಡೀತಿಲ್ವಾ?

ನಿಜವಾದ ಕಾರಣ ನಾವು ಸುರಿಯೋ ನೀರು. ನಮ್ಮ ಬೋರ್ ನೀರು ಗಡಸು. ಗೀಸರ್ ಕಾಯಿಲ್ ಮೇಲೆ ಬಿಳಿ ಸುಣ್ಣ ಕಟ್ಟೋದು ಜೆ.ಪಿ. ನಗರದವರಿಗೂ ಗೊತ್ತು. ಅದೇ ಸುಣ್ಣ ರೇಡಿಯೇಟರ್‌ನ ಸಣ್ಣ ನಳಿಕೆಗಳಲ್ಲಿ ಕಟ್ಟುತ್ತೆ. ನೀರಿನ ಓಟ ಕುಗ್ಗುತ್ತೆ, ಶಾಖ ಹೊರಗೆ ಹೋಗಲ್ಲ.

"ನಮ್ಮಪ್ಪನ ಕಾಲದ ಲಾರಿ ಬರೀ ನೀರಲ್ಲೇ ಓಡ್ತಿತ್ತು" ಅಂತ ವಾದ ಮಾಡೋರಿದ್ದಾರೆ. ಓಡ್ತಿತ್ತು. ಆಗ ಹೆಡ್ಡು ಬೀಡುಕಬ್ಬಿಣ, ರೇಡಿಯೇಟರ್ ತಾಮ್ರ-ಹಿತ್ತಾಳೆ. ಈಗ ಬಹಳಷ್ಟು ಗಾಡೀಲಿ ಎರಡೂ ಅಲ್ಯೂಮಿನಿಯಂ. ಬರೀ ನೀರು ಅದನ್ನ ಒಳಗೇ ತಿನ್ನುತ್ತೆ. "ಇಲ್ಲೇನು ಹಿಮ ಬೀಳುತ್ತಾ, ಕೂಲಂಟ್ ಯಾಕೆ?" ಅನ್ನೋರಿಗೂ ಇದೇ ಉತ್ತರ. ಕೂಲಂಟ್ ಇರೋದು ತುಕ್ಕು ತಡೆಯೋಕೆ, ಕುದಿಯೋದನ್ನ ಮುಂದೂಡೋಕೆ. ಬೆಂಗಳೂರು ಎತ್ತರದ ಊರು. ಇಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತೆ. ರೇಡಿಯೇಟರ್ ಮುಚ್ಚಳ ಒತ್ತಡ ಹಿಡಿದು ಅದನ್ನ ಇಪ್ಪತ್ತು ಡಿಗ್ರಿ ಮೇಲಕ್ಕೆ ತಳ್ಳುತ್ತೆ. ಮುಚ್ಚಳದ ರಬ್ಬರ್ ಹರಿದಿದ್ರೆ ಆ ರಕ್ಷಣೆಯೂ ಇಲ್ಲ. ಅಷ್ಟು ಸಣ್ಣ ಸಾಮಾನು, ಯಾರೂ ನೋಡಲ್ಲ.

ಇನ್ನು ಕೆಲವು ಮೆಕ್ಯಾನಿಕ್‌ಗಳು. ಗಾಡಿ ಹೀಟ್ ಅಂದ ತಕ್ಷಣ ಥರ್ಮೋಸ್ಟಾಟ್ ಕಿತ್ತು ಬಿಸಾಕಿ, "ಇನ್ನು ಆರಾಮಾಗಿ ಹೋಗಣ್ಣ" ಅಂತಾರೆ. ಕೆಟ್ಟಿದ್ರೆ ಹೊಸದು ಹಾಕ್ಬೇಕು, ಕಿತ್ತು ಹಾಕೋದು ರಿಪೇರಿ ಅಲ್ಲ. ಅದಿಲ್ದಿದ್ರೆ ಇಂಜಿನ್ ಬೇಗ ಬಿಸಿಯಾಗಲ್ಲ, ಡೀಸೆಲ್ ಜಾಸ್ತಿ ಕುಡಿಯುತ್ತೆ, ಸವೀತದೆ. ಕೆಲವು ಇಂಜಿನ್‌ಗಳಲ್ಲಿ ನೀರು ರೇಡಿಯೇಟರ್‌ಗೆ ಹೋಗದೆ ಒಳಗೊಳಗೇ ಸುತ್ತಿ, ಹೀಟ್ ಇನ್ನೂ ಹೆಚ್ಚಾಗುತ್ತೆ.

ಕಾಯಿಲೆ ಗುರುತಿಸೋದು ಕಷ್ಟ ಇಲ್ಲ. ಕನಕಪುರ ರಸ್ತೇಲಿ ಚೆನ್ನಾಗಿ ಓಡಿ, ಬನಶಂಕರಿ ಜಾಮಲ್ಲಿ ಕಾದ್ರೆ ಮೊದಲು ಫ್ಯಾನ್ ನೋಡಿ. ತೆವಳುವಾಗ ಗಾಳಿ ಕೊಡೋದು ಅದೊಂದೇ. ಜಾಮಲ್ಲಿ ಸುಮ್ಮನಿದ್ದು, ಮಲೆ ಮಹದೇಶ್ವರ ಬೆಟ್ಟದ ತಿರುವು ಹತ್ತುವಾಗ ಮುಳ್ಳು ಮೇಲೇರಿದ್ರೆ ರೇಡಿಯೇಟರ್ ಕಟ್ಟಿರಬಹುದು. ಗ್ರಿಲ್ ಮುಂದೆ ಬೋರ್ಡು, ಬಂಪರ್ ಗಾರ್ಡು ಕಟ್ಟಿ ಗಾಳಿ ತಡೆದೋರು ಅದನ್ನೂ ಬಿಚ್ಚಿ. ಏರಲ್ಲಿ ಮೂರನೇ ಗೇರಲ್ಲಿ ಇಂಜಿನ್ ಒದ್ದಾಡಿಸದೆ ಎರಡಕ್ಕೆ ಇಳಿಸಿ. ಕಾರಿನವರು ಏಸಿ ಆರಿಸಿ. ಲೋಡು ಪಾಸಿಂಗ್ ಮೀರಿಸಿ ಹೇರಿ ಆಮೇಲೆ ಘಾಟಿಯನ್ನ ಬೈಬೇಡಿ.

ಹಬೆ ಬಂದ್ರೆ ಪಕ್ಕಕ್ಕೆ ಹಾಕಿ ಇಂಜಿನ್ ಆಫ್ ಮಾಡಿ. ಇಂಜಿನ್ ಬಿಸಿ ಇದ್ದಾಗ ಮುಚ್ಚಳ ಮುಟ್ಟಬೇಡಿ. ಒತ್ತಡ ಬಿಟ್ಟ ಕೂಡಲೇ ಕುದಿನೀರು ಮುಖಕ್ಕೆ ಚಿಮ್ಮುತ್ತೆ. ಕಣ್ಣು ಹೋದ್ರೆ ಯಾವ ಮಾರ್ಕೆಟ್ಟಿನ ರೇಟೂ ವಾಪಸ್ ಕೊಡಲ್ಲ. ಅರ್ಧ ಗಂಟೆಯಾದ್ರೂ ಆರಲಿ. ಕುದಿಯೋ ಇಂಜಿನ್‌ಗೆ ತಣ್ಣೀರು ಸುರಿದ್ರೆ ಹೆಡ್ಡು ಬಿರುಕು ಬಿಡಬಹುದು. ದಾರೀಲಿ ಬೇರೆ ಗತಿ ಇಲ್ದೆ ನೀರು ಹಾಕಿದ್ರೆ, ಊರು ಸೇರಿದ ಮೇಲೆ ಖಾಲಿ ಮಾಡಿ ತೊಳೆಸಿ ಕೂಲಂಟ್ ತುಂಬಿಸಿ.

ಬೆಳೆಗೆ ಯಾವ ಔಷಧಿ ಎಷ್ಟು ಎಂಎಲ್ ಅಂತ ಹತ್ತು ಜನರನ್ನ ಕೇಳ್ತೀವಿ. ಆ ಬೆಳೆ ಹೊತ್ತು ತರೋ ಗಾಡಿಗೆ ಮಾತ್ರ ಸಿಕ್ಕಿದ ಬಕೆಟ್ ನೀರು. ಹೆಡ್ ಗ್ಯಾಸ್ಕೆಟ್ ಹೋದ್ಮೇಲೆ ಸಾಲ ಮಾಡೋದಕ್ಕಿಂತ, ನಾಳೆ ಬೆಳಗ್ಗೆ ಇಂಜಿನ್ ತಣ್ಣಗಿದ್ದಾಗ ಮುಚ್ಚಳ ತೆಗೆದು ಒಳಗೆ ಏನಿದೆ ನೋಡಿ. ಕೆಂಪು ತುಕ್ಕು ನೀರು ಕಂಡ್ರೆ ಬಿಸಿಲನ್ನ ಬೈಯೋ ಹಕ್ಕು ನಿಮಗಿಲ್ಲ.